ಕೆಲಸವಿಲ್ಲದ ಬೆಂಕಿ

ಅಮೆರಿಕದ ಬೇ ಏರಿಯಾದ ಕನ್ನಡಿಗ ಮನೆ ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ಶಾಲೆ ನೋಡುತ್ತಾನೆ, ಆಮೇಲೆ ದಿಕ್ಕು ನೋಡುತ್ತಾನೆ, ಸಮಯ ಉಳಿದರೆ ಮನೆ ನೋಡುತ್ತಾನೆ. ಹಾಲುಕ್ಕಿಸಿ, ಒಗ್ಗರಣೆ ಹಾಕಿ, ಹೊಗೆಯ ಅಲಾರಂ ಕೂಗಿಸಿ ಒಳಗಿನ ಶಾಸ್ತ್ರಗಳೆಲ್ಲ ಮುಗಿದ ಮೇಲೆ ಗಮನ ಹಿತ್ತಿಲಿಗೆ ಹೊರಳುತ್ತದೆ. ತುಳಸಿ ಕುಂಡ ಬಂತು, ಕರಿಬೇವು ಬಂತು, ಕುರ್ಚಿಗಳು ಬಂದವು. ಇನ್ನು ಕುರ್ಚಿಗಳ ನಡುವಿನ ಖಾಲಿ ಜಾಗ ಕಣ್ಣು ಕುಕ್ಕತೊಡಗುತ್ತದೆ. ಅಲ್ಲಿ ಬಂದು ಕೂರಬೇಕಾದದ್ದೇ ಫೈರ್ ಪಿಟ್.

ಫ್ರೀಮಾಂಟಿನ ನಮ್ಮ ಮನೆಯಲ್ಲಿ ಈ ವಿಷಯ ಎದ್ದದ್ದೇ ತಡ, ಪಕ್ಷಗಳಾದವು. ನನ್ನದು ಎಕ್ಸೆಲ್ ಪಕ್ಷ. ನನ್ನವಳದು ಸೋಫಾ ಪಕ್ಷ: ಬೆಂಕಿ ಹೇಗಾದರೂ ಇರಲಿ, ದಿಂಬಿನ ಬಣ್ಣಕ್ಕೆ ಹೊಂದಬೇಕು, ತಲೆಗೂದಲಿಗೆ ಹೊಗೆ ಹಿಡಿಯಬಾರದು. ಮಕ್ಕಳದು ಮಾರ್ಷ್‌ಮ್ಯಾಲೋ ಪಕ್ಷ. ತೀರ್ಥಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ ಒಬ್ಬಳೇ ವಿರೋಧ ಪಕ್ಷ.

“ಈ ಬೆಂಕಿ ಎಂತ ಮಾಡ್ತದೆ?” ಎಂದಳು.

“ಉರಿಯುತ್ತೆ.”

“ಉರಿದು?”

ಅದಕ್ಕೆ ನನ್ನ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ.

ಅಮ್ಮ ಕಂಡ ಬೆಂಕಿಗಳಿಗೆಲ್ಲ ಉದ್ಯೋಗವಿತ್ತು. ಬಚ್ಚಲ ಒಲೆ ಹಂಡೆ ನೀರು ಕಾಯಿಸಬೇಕು, ಮಳೆಗಾಲದಲ್ಲಿ ಬಟ್ಟೆ ಒಣಗಿಸಬೇಕು, ಕೆಂಡದಲ್ಲಿ ಹಲಸಿನ ಬೀಜ ಸುಡಬೇಕು, ಕೊನೆಗೆ ಪಾತ್ರೆ ತಿಕ್ಕಲು ಬೂದಿ ಕೊಟ್ಟೇ ಆರಬೇಕು. ಅಂಗಳದ ಒಲೆಗೆ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಕೆಲಸ. ಸುಮ್ಮನೆ ಉರಿಯುವ ಬೆಂಕಿ ಎಂದರೆ ಅವಳ ಪ್ರಕಾರ ಒಂದೋ ಹೋಳಿ, ಇಲ್ಲವೇ ಅನಾಹುತ.

ಮೊದಲ ಆಯ್ಕೆ ಸೌದೆಯದು. ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಸೌದೆ ಕಟ್ಟಿಗೆ ಬೆಲೆಚೀಟಿ ಅಂಟಿಸಿದ್ದನ್ನು ಕಂಡು ಅಮ್ಮ ಸೆರಗಿನೊಳಗೇ ನಕ್ಕಳು. ತೇವ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಚೆನ್ನಾಗಿ ಉರಿಯುತ್ತದೆ, ಅಳೆಯಲು ಮೀಟರ್ ಸಿಗುತ್ತದೆ ಎಂದು ನಾನು ಓದಿ ಹೇಳಿದೆ. ಅವಳು ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದಳು. ಟಣ್ ಎಂದಿತು. “ಒಣಗಿದೆ” ಎಂದು ಕೆಳಗಿಟ್ಟಳು. ಮೀಟರ್ ಖರ್ಚು ಉಳಿಯಿತು.

ಆದರೆ ಇಲ್ಲಿ ಸೌದೆಗೂ ಪಂಚಾಂಗ ನೋಡಬೇಕು. ಗಾಳಿ ಕೆಟ್ಟ ದಿನಗಳಲ್ಲಿ ಬೇ ಏರಿಯಾದ ವಾಯು ಇಲಾಖೆ ‘ಸ್ಪೇರ್ ದಿ ಏರ್’ ಎಚ್ಚರಿಕೆ ಕೊಡುತ್ತದೆ. ಆ ಹೊತ್ತು ಮನೆ ಒಳಗಾಗಲಿ ಹೊರಗಾಗಲಿ ಸೌದೆ ಹಚ್ಚುವಂತಿಲ್ಲ. 2019ರಿಂದ ಈ ನಿಯಮ ವರ್ಷಪೂರ್ತಿ ಜಾರಿಯಲ್ಲಿದೆ. ಮೊದಲ ಸಲ ಸಿಕ್ಕಿಬಿದ್ದವರು 100 ಡಾಲರ್ ದಂಡ ಕಟ್ಟಬಹುದು, ಇಲ್ಲವೇ ಸೌದೆ ಹೊಗೆಯ ಬಗ್ಗೆ ಒಂದು ಪಾಠ ಓದಿ ಪಾರಾಗಬಹುದು. “ಹೊಗೆ ಬಗ್ಗೆ ನನಗೇ ಪಾಠವಾ?” ಎಂದು ಐವತ್ತು ವರ್ಷ ಒಲೆ ಊದಿದ ಅಮ್ಮ ಕೇಳಿದಳು. ಮರುಮಾತು ಯಾರಲ್ಲೂ ಇರಲಿಲ್ಲ.

ಎರಡನೆಯದು ಹೊಗೆ ಕಾರದ ಸ್ಟೀಲ್ ಪಿಟ್. ಎರಡು ಗೋಡೆಗಳ ನಡುವೆ ಗಾಳಿ ಬಿಸಿಯಾಗಿ ಮೇಲಿನ ತೂತುಗಳಿಂದ ನುಗ್ಗುತ್ತದೆ, ಹೊರಟ ಹೊಗೆಯನ್ನೇ ಇನ್ನೊಮ್ಮೆ ಸುಡುತ್ತದೆ. ಇದನ್ನು ನಾನು ಬಹಳ ಹೆಮ್ಮೆಯಿಂದ ವಿವರಿಸಿದೆ. ಅಮ್ಮ ತಲೆದೂಗಿ, “ಅಸ್ತ್ರ ಒಲೆ ನೆನಪಿದೆಯಾ?” ಎಂದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಒಲೆ ಅದು. ಸೌದೆ ಕಡಿಮೆ, ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ. “ಅದರ ಮೇಲೆ ಒಟ್ಟಿಗೇ ಮೂರು ಪಾತ್ರೆ ಇಡ್ತಿದ್ದೆ. ಇದರ ಮೇಲೆ ಎಷ್ಟು?”

“ಒಂದೂ ಇಲ್ಲಮ್ಮ, ಬೇಕಾದರೆ ಜಾಲರಿ ಬೇರೆ ಕೊಳ್ಳಬೇಕು.”

ಮೂರನೆಯದು ಗ್ಯಾಸ್. ನೋಡಲು ಮೇಜು, ನಡುವೆ ಜ್ವಾಲೆ, ಜ್ವಾಲೆಯ ಬುಡದಲ್ಲಿ ನೀಲಿ ಗಾಜಿನ ಚೂರು. ಸೋಫಾ ಪಕ್ಷ ಅಲ್ಲೇ ಕರಗಿಹೋಯಿತು. ಗಂಟೆಗೆ 50,000 ಬಿಟಿಯು ಎಂದು ನಾನು ಶಕ್ತಿಪ್ರದರ್ಶನ ಮಾಡಿದೆ. ಬಿಟಿಯು ಎಂದರೆ ಎಂತ? ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡುವಷ್ಟು ಶಾಖ. ಅಮ್ಮ ಮೊಮ್ಮಗಳಿಂದ ಲೆಕ್ಕ ಹಾಕಿಸಿದಳು. ತಣ್ಣೀರನ್ನು ಸ್ನಾನದ ಹದಕ್ಕೆ ತರಲು 50 ಡಿಗ್ರಿ ಎಂದಿಟ್ಟುಕೊಂಡರೆ, ಒಂದು ಗಂಟೆಯ ಶಾಖ ಪೂರ್ತಿ ದಕ್ಕಿದಲ್ಲಿ ಸಾವಿರ ಪೌಂಡ್ ನೀರು ಕಾಯುತ್ತದೆ. ಅಂದರೆ 450 ಲೀಟರ್ ಚಿಲ್ಲರೆ. “ಕೇರಿಗೆಲ್ಲ ಎಣ್ಣೆಸ್ನಾನ ಆಗ್ತದಲ್ಲೋ! ಅದನ್ನ ನೀವು ಆಕಾಶಕ್ಕೆ ಬಿಡ್ತೀರಾ?” 20 ಪೌಂಡ್ ಸಿಲಿಂಡರ್ ಎಂಟೂವರೆ ಗಂಟೆ ಬರುತ್ತದೆ ಎಂದು ನಾನು ಸಮರ್ಥಿಸಹೊರಟರೆ ಅವಳು ಕಿವಿ ಮುಚ್ಚಿಕೊಂಡಳು. ಬದನೆಕಾಯಿ ಸುಡಬಹುದೇ ಎಂದರೆ, ರಸ ತೊಟ್ಟಿಕ್ಕಿ ಬರ್ನರ್ ಕಟ್ಟಿಕೊಳ್ಳುತ್ತದೆ, ಅಡುಗೆ ಬೇಡ ಎಂದು ಕೈಪಿಡಿ. ಬೂದಿಯೂ ಇಲ್ಲ. ಹಾಗಾದರೆ ಇದು ಸೋಮಾರಿಗಳಲ್ಲೇ ಪರಮ ಸೋಮಾರಿ ಬೆಂಕಿ ಎಂದು ತೀರ್ಪಾಯಿತು.

ಮತ ಬದಲಾದದ್ದು ಗೆಳೆಯರ ಮನೆಗಳಲ್ಲಿ. ಮೊದಲು ಹೋದ ಮನೆಯಲ್ಲಿ ಸೌದೆ ಪಿಟ್ ಇತ್ತು. ಕನ್ನಡಿಗರು ಬೆಂಕಿ ಕಂಡರೆ ಏಳುವವರಲ್ಲ. ಊಟವಾಯಿತು, ಅಂತ್ಯಾಕ್ಷರಿಯಾಯಿತು, ಗ್ರೀನ್ ಕಾರ್ಡಿನ ಕಷ್ಟಸುಖವಾಯಿತು, ಕೆಂಡ ಮಾತ್ರ ಆರಲಿಲ್ಲ. ಯಾರೋ ಪುಣ್ಯಾತ್ಮ ಎದ್ದು ಮತ್ತೊಂದು ಕೊರಡು ಹಾಕಿದ. ಮನೆಯಾಕೆ ನಿಂತಲ್ಲೇ ತೂಕಡಿಸುತ್ತಿದ್ದಳು.

ಮುಂದಿನ ವಾರದ ಮನೆಯಲ್ಲಿ ಗ್ಯಾಸ್. ಹತ್ತು ಗಂಟೆಗೆ ಆ ಮನೆಯ ಹಿರಿಯರು ಏನೂ ಅರಿಯದವರಂತೆ ಮೇಜಿನ ಪಕ್ಕ ಬಗ್ಗಿದರು. ಜ್ವಾಲೆ ಮಾಯ. ರಾತ್ರಿಯ ಚಳಿಗಾಳಿ ಬೀಸಿದ್ದೇ ತಡ, ಎಲ್ಲರೂ ಜಾಕೆಟ್ ಹುಡುಕಿಕೊಂಡು ಎದ್ದರು. ಹತ್ತೂಕಾಲಿಗೆ ಬಾಗಿಲು ಹಾಕಿತ್ತು.

ಕಾರಿನಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಗ್ಯಾಸಿಂದೇ ತಗೊ ಮಾರಾಯ. ಅದಕ್ಕೂ ಒಂದು ಕೆಲಸ ಉಂಟು” ಎಂದಳು.

ಈಗ ನಮ್ಮ ಹಿತ್ತಿಲಲ್ಲಿ ಗ್ಯಾಸಿನ ತಿರುಪಿನ ಪಕ್ಕದ ಕುರ್ಚಿ ಅವಳದೇ. ಬೆಳಿಗ್ಗೆ ತುಂಬಿಸಿ ತಂದ ಸಿಲಿಂಡರ್ ಆದರೂ ರಾತ್ರಿ ಹತ್ತಕ್ಕೆ ಸರಿಯಾಗಿ ಬೆಂಕಿ ನಂದುತ್ತದೆ. “ಅಯ್ಯೋ, ಗ್ಯಾಸ್ ಮುಗೀತಾ ಆಂಟಿ?” ಎಂದು ನೆಂಟರು ಕೇಳಿದರೆ, “ಹೌದು ನೋಡಿ, ಈ ದೇಶದಲ್ಲಿ ಯಾವುದೂ ಬಾಳಿಕೆ ಬರಲ್ಲ” ಎಂದು ಅಮೆರಿಕದ ಮೇಲೆ ಹೊರಿಸಿ, ಕುಂಕುಮದ ತಟ್ಟೆ ತರಲು ಒಳಗೆ ಹೋಗುತ್ತಾಳೆ.