ಗಾಜಿನ ಹಿಂದಿನ ಸಂಸಾರ

ನಮ್ಮ ಮನೆಗಳಲ್ಲಿ ಷೋಕೇಸು ಗೋಡೆಯ ಜೊತೆಗೇ ಹುಟ್ಟುತ್ತದೆ. ಹಾಲಿನಲ್ಲಿ ಟೀವಿಗೆ ಜಾಗ ಬಿಟ್ಟು, ಸುತ್ತ ಗೂಡು ಮಾಡಿಸಿ, ಸರಿಯುವ ಗಾಜು ಹಾಕಿ, ಒಂದು ಪುಟ್ಟ ಬೀಗ ಜಡಿದರಾಯಿತು. ಅದರೊಳಗೆ ಏನಿಡುವುದು ಎಂಬ ಚಿಂತೆ ಬೇಡ. ಗೃಹಪ್ರವೇಶದ ದಿನವೇ ಅರ್ಧ ತುಂಬಿಬಿಡುತ್ತದೆ. ಬಂದವರೆಲ್ಲ ತರುವುದು ಗಣಪತಿ. ಎಲೆಯ ಮೇಲೆ ಮಲಗಿದ ಗಣಪತಿ, ಲ್ಯಾಪ್‌ಟಾಪ್ ಹಿಡಿದ ಗಣಪತಿ, ಕೊಳಲೂದುವ ಗಣಪತಿ. (ಕೃಷ್ಣನ ಕೆಲಸವನ್ನೂ ಅವನೇ ವಹಿಸಿಕೊಂಡಂತಿದೆ.)

ಯಾವುದು ಮುಂದೆ, ಯಾವುದು ಹಿಂದೆ ಎನ್ನುವುದು ಕಲೆಯ ಪ್ರಶ್ನೆಯಲ್ಲ, ನೆಂಟಸ್ತನದ ಪ್ರಶ್ನೆ. ನಾದಿನಿ ಆಗ್ರಾದಿಂದ ತಂದ, ಒಳಗೆ ಬಲ್ಬು ಉರಿಯುವ ತಾಜಮಹಲು ಮುಂದಿರಲೇಬೇಕು. ಬಿದರಿ ಹೂಜಿ ಹಿಂದೆ. ಅದನ್ನು ದುಡ್ಡು ಕೊಟ್ಟು ತಂದವರು ನಾವೇ, ಮುನಿಸಿಕೊಳ್ಳುವವರು ಯಾರೂ ಇಲ್ಲ.

ಪಾಪ, ಆ ಹೂಜಿ ಪಟ್ಟ ಪಾಡು ಕಡಿಮೆಯೇ? ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಲ್ಲಿ ಬಳ್ಳಿ ಕೊರೆದು, ಆ ಗೆರೆಗಳೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಹಚ್ಚಿದರೆ ಮೈಯೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಿದರಿ ಸಾಮಾನು ಹೋಗಿತ್ತು. ಅಲ್ಲಿದ್ದದ್ದೂ ಗಾಜಿನ ಅರಮನೆಯೇ. ಆದರೆ ಎದುರಿಗೆ ಬಲ್ಬಿನ ತಾಜಮಹಲಿರಲಿಲ್ಲ.

ಚನ್ನಪಟ್ಟಣದ ಗೊಂಬೆಯದು ಇನ್ನೊಂದು ದುಃಖ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿದ್ದೇ ಮಕ್ಕಳು ಆಡಲಿ ಎಂದು. ನಾವೋ ಅದನ್ನು ಒಳಗಿಟ್ಟು ಬೀಗ ಹಾಕಿ, ಮಗುವಿನ ಕೈಗೆ ಮೊಬೈಲು ಕೊಡುತ್ತೇವೆ.

ಈ ವಿಷಯದಲ್ಲಿ ಹಳಬರೇ ಜಾಣರು. ದಸರೆಗೆ ಪೆಟ್ಟಿಗೆ ತೆಗೆದು, ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಕೆಳಗೆ ಸಂತೆ, ಮದುವೆ ದಿಬ್ಬಣ, ಶೆಟ್ಟರ ಅಂಗಡಿ ಎಲ್ಲ ಹೂಡಿ, ಹಬ್ಬ ಮುಗಿದೊಡನೆ ಹಳೇ ಪಂಚೆಯಲ್ಲಿ ಸುತ್ತಿ ಒಳಗಿಡುತ್ತಿದ್ದರು. ವರ್ಷಕ್ಕೊಮ್ಮೆ ಕಾಣುವುದರಿಂದ ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ಷೋಕೇಸಿನೊಳಗಿನದನ್ನು ಈಗ ನೋಡುವುದು ಧೂಳು ಒರೆಸುವ ಕೆಲಸದಾಕೆ ಒಬ್ಬಳೇ.

ನಿಮ್ಮ ಮನೆಯಲ್ಲೂ ಬಿದರಿ ಇದ್ದರೆ ಒಮ್ಮೆ ಈಚೆ ತೆಗೆಯಿರಿ. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಮತ್ತೆ ಹೊಳೆಯುತ್ತದೆ. ಹಿತ್ತಾಳೆ ಚೊಂಬೆಂದುಕೊಂಡು ಹುಣಸೆಹಣ್ಣು ಮಾತ್ರ ಹಚ್ಚಬೇಡಿ.