ತಟ್ಟೆಗೆ ದೀಪ ಅಂಟಿಸುವ ಸಂಸಾರ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದರಿಂದ ಅಲ್ಲಿನ ಕನ್ನಡ ಸಂಸಾರಕ್ಕೆ ಆಗುವ ಲಾಭ ಒಂದು ಬೆಳಗಿನ ಹೆಚ್ಚುವರಿ ನಿದ್ದೆ, ನಷ್ಟ ನಾಲ್ಕು ತಿಂಗಳ ಸಂಜೆಗಳು. ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ ಡಿಸೆಂಬರ್ ಬಂತೆಂದರೆ 5.15ರ ಹೊತ್ತಿಗೆ ಸೂರ್ಯ ಮುಳುಗಿಯಾಗಿರುತ್ತದೆ. ಆಗ ಮಗ ಮಹಡಿಯ ಮೇಲೊಂದು ಮೀಟಿಂಗಿನಲ್ಲಿ, ಸೊಸೆ ಕೆಳಗೆ ಇನ್ನೊಂದು ಮೀಟಿಂಗಿನಲ್ಲಿ, ಮೊಮ್ಮಗಳು ಐಪ್ಯಾಡಿನಲ್ಲಿ. ಆರು ತಿಂಗಳಿಗೆಂದು ಬಂದ ಅಜ್ಜ ಅಜ್ಜಿ ಕಿಟಕಿಯ ಪಕ್ಕ ಕೂತು, ರಸ್ತೆಯಲ್ಲಿ ಒಬ್ಬ ಮನುಷ್ಯನಾದರೂ ನಡೆದು ಹೋಗಲಿ ಎಂದು ಕಾಯುತ್ತಿರುತ್ತಾರೆ. ಎಲ್ಲರ ಕೈ ಖಾಲಿಯಾಗುವುದು ಕತ್ತಲಾದ ಮೇಲೆಯೇ. ಹಗಲು ಬೇಡುವ ಯಾವ ಆಟವೂ ಈ ಮನೆಗೆ ಒಗ್ಗದು. ಒಳಾಂಗಣದ ಬ್ಯಾಡ್ಮಿಂಟನ್ನಿಗೆ ಹೋದರೆ ನಾಲ್ವರು ಆಡುತ್ತಾರೆ, ಉಳಿದವರು ಬೆಂಚಿನ ಮೇಲೆ ಕೂತು ಕೋಟು ಕಾಯುತ್ತಾರೆ. ಹಾಗಾಗಿ ಹೊರನಾಡ ಕನ್ನಡ ಸಂಸಾರಕ್ಕೆ ಹೇಳಿ ಮಾಡಿಸಿದ ಆಟ ರಾತ್ರಿಯ ಡಿಸ್ಕ್ ಗಾಲ್ಫ್, ಅದರಲ್ಲೂ ಡಿಸ್ಕಿನ ಹೊಟ್ಟೆಗೆ ಎಲ್‌ಇಡಿ ದೀಪ ಅಂಟಿಸಿಕೊಂಡು ಆಡುವ ಬಗೆ ಎಂಬುದು ನನ್ನ ವಾದ. ಬೆಳಕಿಗಿಂತ ಹೆಚ್ಚಾಗಿ ಆ ಅಂಟಿಸುವ ಕೆಲಸವೇ ನನ್ನ ವಾದಕ್ಕೆ ಆಧಾರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ಚೆಂಡಿನ ಬದಲು ಪ್ಲಾಸ್ಟಿಕ್ ತಟ್ಟೆ, ಗುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತದಲ್ಲಿ ತಟ್ಟೆಯನ್ನು ಬುಟ್ಟಿಗೆ ಬೀಳಿಸಿದವರು ಗೆದ್ದಂತೆ. ಇದನ್ನು ಕಟ್ಟಿ ನಿಲ್ಲಿಸಿದವರು ಎಡ್ ಹೆಡ್ರಿಕ್. ವ್ಯಾಮ್‌ಓ ಕಂಪನಿಯಲ್ಲಿದ್ದು ಫ್ರಿಸ್ಬಿಯನ್ನು ನೆಟ್ಟಗೆ ಹಾರುವಂತೆ ತಿದ್ದಿದವರೂ ಅವರೇ. ಮೊದಲ ಕಾಯಂ ಅಂಗಳ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಆಯಿತು; ಮರುವರ್ಷ ಆಟಗಾರರ ಸಂಘ ಪಿಡಿಜಿಎ ಹುಟ್ಟಿತು, ಅದರ ಒಂದನೇ ನಂಬರಿನ ಸದಸ್ಯ ಹೆಡ್ರಿಕ್. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನು ಮಾಡಿಸಿದರು. ನಮ್ಮವರು ಅಸ್ಥಿ ಬಿಡಲು ಶ್ರೀರಂಗಪಟ್ಟಣದವರೆಗೆ ಹೋದರೆ ಸಾಕು, ಒಂದೇ ಸಲಕ್ಕೆ ಮುಗಿಯುತ್ತದೆ. ಹೆಡ್ರಿಕ್ ಅವರನ್ನು ಪ್ರತಿ ಎಸೆತಕ್ಕೂ ಹೋಗಿ ಹೆಕ್ಕಿಕೊಂಡು ಬರಬೇಕು. ನಮ್ಮವರ ಕಿವಿ ನೆಟ್ಟಗಾಗುವ ಸಂಗತಿ ಇನ್ನೊಂದಿದೆ: ಅಮೆರಿಕದ ಸಾರ್ವಜನಿಕ ಪಾರ್ಕುಗಳಲ್ಲಿರುವ ಬಹಳಷ್ಟು ಅಂಗಳಗಳಿಗೆ ಶುಲ್ಕವಿಲ್ಲ.

ಇನ್ನು ಅಂಟಿಸುವ ಕೆಲಸ. ಸುಲಭದ ಸಾಮಾನೆಂದರೆ ಒಂದು ಪುಟ್ಟ ಎಲ್‌ಇಡಿ, 3 ವೋಲ್ಟಿನ ಸಿಆರ್ 2032 ಬಟನ್ ಸೆಲ್ಲು, ಅಗಲದ ಪಾರದರ್ಶಕ ಟೇಪು. ನೀಲಿ, ಹಸಿರು, ಬಿಳಿ ಎಲ್‌ಇಡಿಗಳು ಸುಮಾರು 3 ವೋಲ್ಟನ್ನೇ ಕೇಳುವುದರಿಂದ ಸೆಲ್ಲಿಗೆ ನೇರ ಕಚ್ಚಿಸಿದರೂ ಉರಿಯುತ್ತವೆ. ಸೆಲ್ಲಿನ ತೂಕ 3 ಗ್ರಾಂ. ಅಷ್ಟೇ ತಾನೆ ಎನ್ನಬೇಡಿ, ಲೆಕ್ಕದ ಮನೆ ಇಲ್ಲಿಂದ ಚುರುಕಾಗುತ್ತದೆ. ಪಿಡಿಜಿಎ ನಿಯಮದಂತೆ ಡಿಸ್ಕಿನ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ, 21.1 ಸೆಂಟಿಮೀಟರಿನ ಡಿಸ್ಕಿಗೆ 175 ಗ್ರಾಂ ಗಡಿ. ಸೆಲ್ಲು, ದೀಪ, ಟೇಪು ಸೇರಿ ನಾಲ್ಕೈದು ಗ್ರಾಂ ಏರುವುದರಿಂದ 170ರ ಒಳಗಿನ ತಟ್ಟೆಯನ್ನೇ ಆರಿಸಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಹೊರಬರುತ್ತದೆ, ಅದು ಅಜ್ಜಿಯ ವಶದಲ್ಲಿದೆ. ದೀಪವನ್ನು ಕೆಳಮೈಯ ಸರಿಯಾದ ನಡುವಿಗೆ ಕೂರಿಸಬೇಕು: ಐದು ಸೆಂಟಿಮೀಟರ್ ಪಕ್ಕಕ್ಕೆ ಜಾರಿದರೆ ಗುರುತ್ವಕೇಂದ್ರವೇ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿದು, ರಭಸದಿಂದ ತಿರುಗುವ ತಟ್ಟೆ ಕುಡಿದವನ ಸೈಕಲ್ಲಿನ ಹಾಗೆ ಓಲಾಡುತ್ತದೆ. ನಡು ಹುಡುಕುವ ಗೌರವ ಕೆಇಬಿಯಲ್ಲಿ ನಿವೃತ್ತರಾದ ಅಜ್ಜನಿಗೆ ಸಲ್ಲಬೇಕು. ಅವರು ಸ್ಕೇಲು, ದಾರ, ಪೆನ್ಸಿಲ್ಲು ತರಿಸಿಕೊಂಡು ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಅಚ್ಚಿನ ಗುರುತು ತಟ್ಟೆಯ ನಡುವಿನಲ್ಲೇ ಇದೆ ಎಂದು ಯಾರೂ ಹೇಳಬಾರದು. ಪ್ಲಾಸ್ಟಿಕ್ಕಿನ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸದಿದ್ದರೆ ಇಬ್ಬನಿಗೆ ಟೇಪು ಕಳಚುತ್ತದೆ. ಒರೆಸುವುದು ಸೊಸೆ, ಗುಳ್ಳೆ ಬಾರದಂತೆ ಉಗುರಿನಲ್ಲಿ ತೀಡುವುದು ಮೊಮ್ಮಗಳು. ಮಗನ ಪಾಲಿಗೆ ಉಳಿಯುವುದು ಎಸೆಯುವ ಕೆಲಸ. ಇಡೀ ವ್ಯವಹಾರದಲ್ಲಿ ಅತಿ ಕಡಿಮೆ ಬುದ್ಧಿ ಬೇಡುವುದೂ ಅದೇ.

ಅಂಗಳಕ್ಕೆ ಹೋದ ಮೇಲೂ ಹಾಗೆಯೇ. ಹಗಲಿನಲ್ಲಿ ಎಸೆದವನೇ ಹೋಗಿ ತಟ್ಟೆ ಎತ್ತಿಕೊಳ್ಳುತ್ತಾನೆ, ಉಳಿದವರು ದಂಡಪಿಂಡ. ರಾತ್ರಿಯಲ್ಲಿ ಒಬ್ಬರು ಮುಂದೆ ಹೋಗಿ ಬುಟ್ಟಿಗೆ ದೀಪ ಸಿಕ್ಕಿಸಬೇಕು, ಒಬ್ಬರು ತಟ್ಟೆ ಎಲ್ಲಿ ಬಿತ್ತೆಂದು ಕಣ್ಣಿಡಬೇಕು, ಒಬ್ಬರು ಕತ್ತಲಲ್ಲಿ ಅಂಕ ನೆನಪಿಡಬೇಕು. ಅಜ್ಜಿಯ ನೆನಪಿನೆದುರು ಫೋನು ಯಾವ ಲೆಕ್ಕ. ಮಿಣುಕು ದೀಪ ಚೆಂದವೆಂದು ಕೊಳ್ಳುವುದು ತಪ್ಪು, ಹಾರುವಾಗ ಅರ್ಧ ಹೊತ್ತು ಅದು ಮಾಯವಾಗಿರುತ್ತದೆ. ನಿಂತು ಉರಿಯುವುದೇ ಸರಿ. ಬೆಳಕು ತೂರುವ ಪ್ಲಾಸ್ಟಿಕ್ಕೇ ಬೇಕು ಎಂಬುದಕ್ಕೂ ಕಾರಣವಿದೆ. ದೀಪ ಕೆಳಮೈಯಲ್ಲಿರುವುದರಿಂದ, ಗಟ್ಟಿ ಬಣ್ಣದ ಡಿಸ್ಕು ನೆಲದ ಮೇಲೆ ಸರಿಯಾಗಿ ಇಳಿದರೆ ಬೆಳಕು ಅದರಡಿ ಮುಚ್ಚಿಹೋಗುತ್ತದೆ, ಅಂಗಾತ ಬಿದ್ದರೆ ಮಾತ್ರ ಹೊಳೆಯುತ್ತದೆ. ಚೆನ್ನಾಗಿ ಎಸೆದವನದು ಕಳೆದುಹೋಗಿ, ಕೆಟ್ಟದಾಗಿ ಎಸೆದವನದು ಸಿಗುವ ಆಟ ಬೇರೆಲ್ಲಿದೆಯೋ ಕಾಣೆ. ಟಾರ್ಚಿನ ಬಗ್ಗೆ ಮಾತ್ರ ಮನೆಯಲ್ಲೇ ಒಪ್ಪಂದವಾಗಬೇಕು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, “ಏನಮ್ಮಾ, ಸಿಕ್ಕಿತೇನು?” ಎಂದು ಅಜ್ಜ ಎಲ್ಲರ ಮುಖಕ್ಕೂ ಟಾರ್ಚು ಬಿಡಲು ಅರ್ಧ ಕ್ಷಣ ಸಾಕು.

ಇಷ್ಟೆಲ್ಲ ಯಾಕೆ, ತಾನೇ ಹೊಳೆಯುವ ಪ್ಲಾಸ್ಟಿಕ್ಕಿನ ಡಿಸ್ಕು ಅಂಗಡಿಯಲ್ಲೇ ಸಿಗುತ್ತದಲ್ಲ ಎಂಬುದು ತಿಳಿದವರ ಆಕ್ಷೇಪ, ತೂಕದ ಆಕ್ಷೇಪವೂ ಹೌದು. ಅದಕ್ಕೆ ಒಂದು ಗ್ರಾಂ ಹೆಚ್ಚುವರಿ ಭಾರವಿಲ್ಲ, ಹಗಲಿನಷ್ಟೇ ನೆಟ್ಟಗೆ ಹಾರುತ್ತದೆ, ಅತಿನೇರಳೆ ಟಾರ್ಚನ್ನು ಒಂದಿಷ್ಟು ಹೊತ್ತು ಹಿಡಿದರೆ ಮತ್ತೆ ಹೊಳಪೇರುತ್ತದೆ. ಪಂದ್ಯ ಗೆಲ್ಲಬೇಕೆನ್ನುವವರು ಅದನ್ನೇ ಕೊಳ್ಳಲಿ, ನಾನು ಅಡ್ಡ ಬರುವುದಿಲ್ಲ. ಆದರೆ ಅದರ ಹೊಳಪು ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಇಳಿದುಬಿಡುತ್ತದೆ, ಪೊದೆಯಲ್ಲಿ ಕಾಲು ಗಂಟೆ ತಡಕುವ ಹೊಸಬರಿಗೆ ಅದು ಕೈಕೊಡುವುದು ಖಚಿತ. ಎಲ್‌ಇಡಿಯಾದರೆ ಹೊಸ ಸೆಲ್ಲಿನಲ್ಲಿ ಗಂಟೆಗಟ್ಟಲೆ ಉರಿಯುತ್ತದೆ, ಚಳಿಗೆ ಸೆಲ್ಲು ಸ್ವಲ್ಪ ಸೋಲುತ್ತದೆಂಬುದು ಬೇರೆ ಮಾತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಹೊಳೆಯುವ ಡಿಸ್ಕಿಗೆ ಯಾರ ಸಹಾಯವೂ ಬೇಡ. ಒಬ್ಬನೇ ಕೊಂಡು, ಒಬ್ಬನೇ ಟಾರ್ಚು ಹಿಡಿದು, ಒಬ್ಬನೇ ಎಸೆಯಬಹುದು. ಒಬ್ಬೊಬ್ಬರೇ ಮಾಡಿಕೊಳ್ಳುವ ಕೆಲಸಗಳಿಗೆ ಆ ದೇಶದಲ್ಲಿ ಏನೂ ಬರವಿಲ್ಲ.

ಮುಸ್ಸಂಜೆಯಲ್ಲಿ ಮನೆಯ ದೀಪ ಹಚ್ಚಿ ಒಳಗಿರಬೇಕೇ ಹೊರತು ದೀಪವನ್ನೇ ಹೊರಗೆ ಬಿಸಾಡುವುದು ಎಂಥ ಸಂಪ್ರದಾಯ ಎಂದು ಅಜ್ಜಿ ಕೇಳಿದರೆ, ದೇವರ ದೀಪ ಹಚ್ಚಿಯೇ ಹೊರಡೋಣ ಎನ್ನಬಹುದು. ಐದೂಕಾಲಿಗೇ ಮುಳುಗುವ ಸೂರ್ಯ ಅಷ್ಟು ಸಮಯ ಕೊಟ್ಟಿರುತ್ತಾನೆ. ಕಾನೂನಿನ ಆಕ್ಷೇಪ ಇನ್ನೂ ಗಟ್ಟಿ. ಅಮೆರಿಕದ ಬಹಳ ಪಾರ್ಕುಗಳು ಸೂರ್ಯಾಸ್ತಕ್ಕೆ ಬಾಗಿಲು ಹಾಕುತ್ತವೆ, ಫಲಕ ನೋಡದೆ ನುಗ್ಗಿದರೆ ಪೊಲೀಸಿನ ದೀಪದಲ್ಲಿ ಆಡಬೇಕಾದೀತು. ತಡರಾತ್ರಿವರೆಗೆ ತೆರೆದಿರುವ ಜಾಗ ನೋಡಿಕೊಳ್ಳಬೇಕು, ಇಲ್ಲವೇ ಊರಿನ ಡಿಸ್ಕ್ ಗಾಲ್ಫ್ ಕ್ಲಬ್ಬು ಅನುಮತಿ ಪಡೆದು ನಡೆಸುವ ರಾತ್ರಿಯಾಟಕ್ಕೆ ಸೇರಿಕೊಳ್ಳಬೇಕು. ನಾಲ್ಕು ಜನ ಏನೆನ್ನುತ್ತಾರೆ ಎಂಬ ಮೂರನೆಯ ಆಕ್ಷೇಪಕ್ಕೆ ಕತ್ತಲೆಯೇ ಉತ್ತರ. ಸ್ವೆಟರಿನ ಮೇಲೆ ಸ್ವೆಟರು, ಸೀರೆಗೆ ಸ್ಪೋರ್ಟ್ಸ್ ಶೂ, ತಲೆಗೆ ಮಂಕಿ ಕ್ಯಾಪು, ಹತ್ತು ಮಾರಿಗೇ ಮುಗ್ಗರಿಸುವ ಎಸೆತ, ಯಾವುದೂ ಯಾರಿಗೂ ಕಾಣುವುದಿಲ್ಲ. ಕಾಣುವುದು ಗಾಳಿಯಲ್ಲಿ ಹೋಗುವ ಒಂದು ನೀಲಿ ಚುಕ್ಕೆ. ಅದನ್ನು ಎಸೆದವರು ಹಾಸನದವರೋ ಟೆಕ್ಸಾಸಿನವರೋ ಎಂದು ಹೇಳಲು ಬಾರದು.

ನಾನು ತಲೆಬಾಗುವ ಆಕ್ಷೇಪವೆಂದರೆ ಸೆಲ್ಲಿನದು. ಇಲ್ಲಿ ತಮಾಷೆ ಬದಿಗಿರಲಿ. ಚಿಕ್ಕ ಮಗು ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಪ್ರಾಣಕ್ಕೇ ಬರಬಹುದು. ಹಾಗೆ ತೀರಿಕೊಂಡ ಮಗುವೊಂದರ ಹೆಸರಿನಲ್ಲಿ ಅಮೆರಿಕ 2022ರಲ್ಲಿ ಕಾಯಿದೆಯನ್ನೇ ತಂದಿತು. ಅಂಬೆಗಾಲಿಡುವ ಕೂಸಿರುವ ಮನೆ ಈ ಸೆಲ್ಲಿನ ಸಹವಾಸಕ್ಕೆ ಹೋಗಬಾರದು, ಅವರಿಗೆ ಹೊಳೆಯುವ ಪ್ಲಾಸ್ಟಿಕ್ಕೇ ವಾಸಿ. ಅಷ್ಟರಮಟ್ಟಿಗೆ ನನ್ನ ವಾದ ಸೋತಿತು. ಉಳಿದವರೂ ಹೊಸ ಸೆಲ್ಲನ್ನು ಬೀಗದೊಳಗಿಟ್ಟು, ಮುಗಿದದ್ದಕ್ಕೆ ಎರಡೂ ಕಡೆ ಟೇಪು ಸುತ್ತಿ, ಹಳೆ ಬ್ಯಾಟರಿ ಸಂಗ್ರಹಿಸುವ ಕಡೆ ಒಪ್ಪಿಸಿ ಬರಬೇಕು. ಮೊಸರಿನ ಡಬ್ಬಿ, ಉಡುಗೊರೆಯ ಕಾಗದ, ಹೋಟೆಲಿನ ಕೆಚಪ್ ಪೊಟ್ಟಣ ಯಾವುದನ್ನೂ ಎಸೆಯದ ಮನೆಯಲ್ಲಿ ಇದೊಂದಕ್ಕೆ ವಿನಾಯಿತಿ ಸಿಗುವುದು ಕಷ್ಟ. ಇನ್ನೂ ಸ್ವಲ್ಪ ಜೀವ ಇದೆ, ಟಿವಿ ರಿಮೋಟಿಗಾದರೂ ಆದೀತು ಎಂದು ಅಜ್ಜ ತಡೆಯುತ್ತಾರೆ. ಆ ರಿಮೋಟಿಗೆ ಹಾಕುವುದು ಪೆನ್ಸಿಲ್ ಸೆಲ್ಲು ಎಂದು ಅವರಿಗೆ ತಿಳಿಹೇಳುವ ಕೆಲಸವನ್ನು ಸೊಸೆ ಮಗನಿಗೆ ಬಿಡುವುದು ಒಳ್ಳೆಯದು. ಎಸೆಯುವುದೊಂದು ಬಿಟ್ಟರೆ ಅವನಿಗೆ ಬೇರೆ ಕೆಲಸವೂ ಇಲ್ಲ.