‘ಬರ್ತಾನಂತ್ರೀ’: ಖಾಲಿ ಕುರ್ಚಿಯ ಮೀಮಾಂಸೆ

ಫುಟ್‌ಬಾಲ್ ಕ್ಲಬ್ಬಿನ ಕೋಚ್ ಹುದ್ದೆ ಖಾಲಿಯಾದ ಗಳಿಗೆಯಿಂದ ಅದು ತುಂಬುವ ಗಳಿಗೆಯವರೆಗಿನ ಕಾಲಕ್ಕೆ ವೈಯಾಕರಣರು ಇನ್ನೂ ಹೆಸರಿಟ್ಟಿಲ್ಲ. ಪ್ರಸ್ತುತ ಪ್ರಬಂಧಕಾರ ಅದನ್ನು ‘ಅಂತೆಕಾಲ’ ಎಂದು ಕರೆಯುತ್ತಾನೆ. ಭೂತ, ವರ್ತಮಾನ, ಭವಿಷ್ಯತ್ ಪ್ರತ್ಯಯಗಳಾವುವೂ ಇದಕ್ಕೆ ಒಗ್ಗವು. ಬೆಂಗಳೂರು ಕಡೆ ಇದರ ರೂಪ ‘ಬರ್ತಾನಂತೆ’. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ‘ಬರ್ತಾನಂತ್ರೀ’. ಕೊನೆಯ ‘ರೀ’ ಗೌರವಸೂಚಕವೆಂಬುದು ನಿಜ, ಆದರೆ ಗೌರವ ಕೇಳುವವನಿಗೆ. ಕೋಚ್ ಏಕವಚನದಲ್ಲೇ ಬಂದು ಏಕವಚನದಲ್ಲೇ ಹೋಗುತ್ತಾನೆ.

ಪೂರ್ವಪಕ್ಷ: ಕುಸ್ತಿ, ಕಬಡ್ಡಿ ಬಲ್ಲ ಈ ಊರುಗಳಿಗೆ ಫುಟ್‌ಬಾಲಿನ ಉಸಾಬರಿ ಏಕೆ? ಸಮಾಧಾನ: ಈ ಶಾಸ್ತ್ರದ ಮೂಲಗ್ರಂಥವೇ ಮುಧೋಳದ್ದು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ದಲ್ಲಿ ಹಿಡಿದದ್ದು ಕೋಚುಗಳೆಲ್ಲ ಮುಗಿದು ಮಾಲೀಕನೊಬ್ಬನೇ ಉಳಿದ ಸ್ಥಿತಿಯನ್ನು. ಕೌರವ ಕ್ಲಬ್ಬಿನ ದಾಖಲೆ ನೋಡಿ. 18 ದಿನಗಳ ಸೀಸನ್. ಭೀಷ್ಮನಿಗೆ 10 ದಿನ, ದ್ರೋಣನಿಗೆ 5, ಕರ್ಣನಿಗೆ 2. ಶಲ್ಯನಿಗೆ ಒಂದು ದಿನವೂ ಪೂರ್ತಿ ದಕ್ಕಲಿಲ್ಲ. ತೊಡೆ ಮುರಿದು ಬಿದ್ದ ಮಾಲೀಕ ಬಿದ್ದಲ್ಲಿಂದಲೇ ಅಶ್ವತ್ಥಾಮನಿಗೆ ಪಟ್ಟ ಕಟ್ಟಿದ. ಅಷ್ಟೊತ್ತಿಗೆ ತಂಡದಲ್ಲಿ ಉಳಿದಿದ್ದವರು ಹೊಸ ಕೋಚ್ ಸೇರಿ ಮೂವರು.

ಅಂತೆಕಾಲದ ಲಕ್ಷಣಗಳೂ ಅಲ್ಲಿವೆ. ಭೀಷ್ಮ ಶರಶಯ್ಯೆಗೆ ಒರಗಿದಾಗ ಎಲ್ಲರ ಬಾಯಲ್ಲಿ ಇದ್ದದ್ದು ಕರ್ಣನ ಹೆಸರು. ಮಾಲೀಕ ಅವನನ್ನೇ ಕೇಳಿದ. ಅವನು ದ್ರೋಣನನ್ನು ಮಾಡು ಅಂದ. ಕರ್ಣನ ನಂತರ ಅಶ್ವತ್ಥಾಮನನ್ನು ಕೇಳಿದರೆ ಅವನು ಶಲ್ಯನ ಕಡೆ ಕೈ ತೋರಿಸಿದ. ತನ್ನ ಹೆಸರು ಚಾಲ್ತಿಯಲ್ಲಿರುವಾಗ ಇನ್ನೊಬ್ಬನ ಹೆಸರು ಹೇಳುವ ಈ ಸೌಜನ್ಯ ಆಮೇಲಿನ ಫುಟ್‌ಬಾಲ್ ಚರಿತ್ರೆಯಲ್ಲಿ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ರನ್ನನ ದುರ್ಯೋಧನ ತಾನೇ ನೇಮಿಸಿದವರ ಹೆಣಗಳನ್ನು ಒಂದೊಂದಾಗಿ ನೋಡುತ್ತ ರಣಭೂಮಿಯಲ್ಲಿ ನಡೆಯುತ್ತಾನೆ. ಈಗಿನ ಮಾಲೀಕರು ‘ಪರಸ್ಪರ ಒಪ್ಪಿಗೆಯಿಂದ’ ಎಂಬ ಎರಡು ಸಾಲಿನ ಹೇಳಿಕೆ ಕೊಟ್ಟು ಆ ನಡಿಗೆ ತಪ್ಪಿಸಿಕೊಂಡಿದ್ದಾರೆ.

ನಮ್ಮ ರಾಜ್ಯದ್ದೇ ಬೆಂಗಳೂರು ಎಫ್‌ಸಿಗೆ ಬರೋಣ. 2013ರಲ್ಲಿ ಹುಟ್ಟಿದ ಕ್ಲಬ್ಬು. ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟ. 2016ರಲ್ಲಿ ಆಲ್ಬರ್ಟ್ ರೋಕಾ ಬಂದ. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಇದಾಯಿತು. 2018ರಲ್ಲಿ ರೋಕಾ ಹೊರಟಾಗ ಉತ್ತರಾಧಿಕಾರಿ ಪಕ್ಕದಲ್ಲೇ ಕೂತಿದ್ದ: ಸಹಾಯಕ ಕಾರ್ಲೆಸ್ ಕ್ವಾದ್ರಾತ್. ಅವನು 2019ರಲ್ಲಿ ಐಎಸ್‌ಎಲ್ ಗೆದ್ದ, ಸತತ ಸೋಲು ಕಂಡ, 2021ರ ಜನವರಿಯಲ್ಲಿ ಹೋದ. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ತಂದ, 2023ರ ಡಿಸೆಂಬರಿನಲ್ಲಿ ಅವನೂ ಹೋದ. ಕ್ವಾದ್ರಾತ್ ಹೋದಾಗ ನೌಷಾದ್ ಮೂಸಾ, ಗ್ರೇಸನ್ ಹೋದಾಗ ರೆನೆಡಿ ಸಿಂಗ್ ತಂಡ ನಡೆಸಿದರು. ಈ ಇಬ್ಬರ ಹುದ್ದೆಯ ಮುಂದೆ ಒಂದು ಪದ ಬಂತು: ‘ಹಂಗಾಮಿ’.

ಹಂಗಾಮಿ ಅಂದರೆ ಜಮಖಂಡಿಗೆ ವಿವರಿಸಿ ಹೇಳಬೇಕಿಲ್ಲ. ಆ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ದೇಶದ ಹಂಗಾಮಿ ರಾಷ್ಟ್ರಪತಿ. ಅಷ್ಟರಲ್ಲೇ ಒಂದು ಸರ್ಕಾರ ಬಿತ್ತು, ಇನ್ನೊಂದು ಬಂತು. ಫುಟ್‌ಬಾಲಿನಲ್ಲಾದರೆ ಐದೂವರೆ ತಿಂಗಳು ಹಂಗಾಮಿಯಲ್ಲ, ದೀರ್ಘಾವಧಿ.

ಬರುವವನು ಯಾರೆಂದು ತಿಳಿಯುವ ವಿಧಾನದ ಪ್ರಶ್ನೆ ಉಳಿಯಿತು. ಸುದ್ದಿಗಾರರು ತಾವು ‘ಮೂಸಿ’ ಕಂಡುಹಿಡಿದೆವು ಎನ್ನುತ್ತಾರೆ. ಮುಧೋಳ ನಾಯಿ ಇದನ್ನು ಒಪ್ಪುವುದಿಲ್ಲ: ಅದು ವಾಸನೆ ಹಿಡಿದು ಹೋಗುವ ತಳಿಯಲ್ಲ, ಬೇಟೆ ಕಣ್ಣಿಗೆ ಬಿದ್ದ ಮೇಲೆ ಓಡುವ ತಳಿ. ಮಗ್ಗದವರ ವಿಧಾನ ಬೇರೆ. ರಬಕವಿಯಲ್ಲಿ ಒಂದು ಅನುಮಾನ ಹಾಸಾಗುತ್ತದೆ, ಬನಹಟ್ಟಿಯಲ್ಲಿ ಅದಕ್ಕೊಂದು ‘ಅಂತ್ರೀ’ ಹೊಕ್ಕಾಗುತ್ತದೆ, ಲಾಳಿ ನಾಲ್ಕು ಸಲ ಆಡುವುದರೊಳಗೆ ಸೆರಗಿನ ಸಮೇತ ಸೀರೆ ರೆಡಿ. ಉಡುವವಳು ಯಾರು ಎಂಬುದಷ್ಟೇ ಗೊತ್ತಿಲ್ಲ. ಬೀಳಗಿಯವರ ಸಹನೆ ಇನ್ನೂ ದೊಡ್ಡದು. ಆಲಮಟ್ಟಿ ಅಣೆಕಟ್ಟು 524 ಮೀಟರಿಗೆ ಏರುತ್ತದಂತ್ರೀ ಎಂದು 2010ರ ನ್ಯಾಯಮಂಡಳಿ ತೀರ್ಪಿಗಿಂತ ಮೊದಲಿನಿಂದ ಕೇಳುತ್ತ ಕೂತವರಿಗೆ ಒಬ್ಬ ಕೋಚ್ ಬರುವುದು ಏನು ಮಹಾ.

ದೊಡ್ಡ ಹೆಸರೇ ಗೆಲ್ಲುತ್ತದೆ ಎಂಬ ಸೂತ್ರವನ್ನು ಈ ಸೀಮೆ 1991ರಲ್ಲೇ ಪರೀಕ್ಷಿಸಿ ಕೈಬಿಟ್ಟಿದೆ. ಬಾಗಲಕೋಟೆ ಲೋಕಸಭೆಗೆ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ನಿಂತರು. ಗೆದ್ದದ್ದು ಜಮಖಂಡಿ ಕಡೆಯ ಸಿದ್ದು ನ್ಯಾಮಗೌಡ: 1989ರಲ್ಲಿ ರೈತರ ದುಡ್ಡು, ರೈತರ ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು.

ಭಾರತೀಯ ಫುಟ್‌ಬಾಲ್ ಇದೇ ಪಾಠ ಕಲಿತದ್ದು 2025ರಲ್ಲಿ. ರಾಷ್ಟ್ರೀಯ ತಂಡದ ಕೋಚ್ ಹುದ್ದೆಗೆ ಬಂದ ಅರ್ಜಿಗಳಲ್ಲಿ ಬಾರ್ಸಿಲೋನಾದ ಚಾವಿ ಹೆಸರು ಕಂಡಿತು, ದೇಶ ಎರಡು ದಿನ ಕುಣಿಯಿತು. ಚಾವಿ, ಗ್ವಾರ್ಡಿಯೋಲಾ ಹೆಸರಿನ ಇಮೇಲುಗಳು ಅಸಲಿಯಲ್ಲವೆಂದು ಫೆಡರೇಶನ್ನೇ ಆಮೇಲೆ ಹೇಳಿತು. ಇಂಥ ವಿಷಯಕ್ಕೆ ಚಾದಂಗಡಿಯ ಸಂವಾದ ಹೇಗಿರುತ್ತದೆಂದು ಪ್ರಬಂಧಕಾರ ಊಹಿಸಬಲ್ಲ:

“ಕಾಕಾ, ಗ್ವಾರ್ಡಿಯೋಲಾ ಬರ್ತಾನಂತ್ರೀ.”

“ಬರ್ಲಿ ತಮ್ಮಾ. ಪಗಾರ ಯಾರ್ ಕೊಡ್ತಾರಂತ?”

ಪ್ರಬಂಧಕಾರ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಮೊನಚಾದ ಪ್ರಶ್ನೆ ಕಂಡಿಲ್ಲ. ಹುದ್ದೆ ಸಿಕ್ಕಿದ್ದು ಖಾಲಿದ್ ಜಮೀಲರಿಗೆ. ಸಣ್ಣ ಐಜಾಲ್ ತಂಡಕ್ಕೆ 2016-17ರ ಐ-ಲೀಗ್ ಗೆದ್ದುಕೊಟ್ಟು, ಇಲ್ಲೇ, ಎಲ್ಲರ ಕಣ್ಣೆದುರಿಗೇ ಓಡಾಡಿಕೊಂಡಿದ್ದವರು.

ಆದ್ದರಿಂದ ವಾಚಕರಲ್ಲಿ ವಿನಂತಿ: ಮುಂದಿನ ಕೋಚ್ ಯಾರಂತ್ರೀ ಎಂದು ಯಾರಾದರೂ ಕೇಳಿದರೆ, ಈಗಿನ ಕೋಚ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂತವನ ಹೆಸರೇನು ಎಂದು ತಿರುಗಿ ಕೇಳಿ. ಗೊತ್ತಿಲ್ಲ ಅಂದರೆ ಚಾದ ದುಡ್ಡು ಅವರೇ ಕೊಡಲಿ.